ಪಕ್ಕದವರ ಏಳು ನನ್ನ ಕಾಲಮ್ಮಿನಲ್ಲಿ: ಕೋ-ವರ್ಕಿಂಗ್ ಹಾಲಿನಲ್ಲಿ ಗಮನ ಉಳಿಸಿಕೊಳ್ಳುವ ಬಗೆ

ಹೋದ ವರ್ಷ ಒಂದು 20ನೇ ತಾರೀಕು. ಲೆಕ್ಕಪತ್ರದ ಕೆಲಸದವರಿಗೆ ಆ ತಾರೀಕಿನ ಬಿಸಿ ಗೊತ್ತು, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ರಿಟರ್ನ್ ಸಲ್ಲಿಸುವ ಕಡೇ ದಿನ ಅದು. ಕೋ-ವರ್ಕಿಂಗ್ ಹಾಲಿನಲ್ಲಿ, ಅಂದರೆ ಬೇರೆ ಬೇರೆ ಕೆಲಸದವರು ಮೇಜು ಬಾಡಿಗೆಗೆ ಹಿಡಿದು ಕೂರುವ ಜಾಗದಲ್ಲಿ, ಕೂತು ಒಬ್ಬ ಕ್ಲೈಂಟಿನ ಖರೀದಿ ಬಿಲ್ಲುಗಳನ್ನು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹೊಡೆಯುತ್ತಿದ್ದೆ. ಪಕ್ಕದ ಮೇಜಿನವರು ಬ್ಯಾಂಕಿನವರಿಗೆ ಫೋನಿನಲ್ಲಿ ತಮ್ಮ ಅಕೌಂಟ್ ನಂಬರ್ ಹೇಳುತ್ತಿದ್ದರು. ಗಟ್ಟಿಯಾಗಿ, ಎರಡೆರಡು ಸಲ. "ನಾಲ್ಕು, ಏಳು, ಏಳು, ಸೊನ್ನೆ..." ಅರ್ಧ ಗಂಟೆಯ ಮೇಲೆ ಮೊತ್ತ ತಾಳೆಯಾಗಲಿಲ್ಲ. 600 ರೂಪಾಯಿ ವ್ಯತ್ಯಾಸ. ಒಂದೊಂದೇ ಬಿಲ್ಲು ತಿರುವಿ ಹಾಕಿದಾಗ ಸಿಕ್ಕಿತು: 4,170 ಇದ್ದದ್ದನ್ನು 4,770 ಎಂದು ಹೊಡೆದಿದ್ದೆ. ಅವರ ಏಳು ನನ್ನ ಕಾಲಮ್ಮಿಗೆ ಬಂದು ಕೂತಿತ್ತು.

ನಾನು ಸಣ್ಣ ಅಂಗಡಿಗಳ, ಒಂದೆರಡು ಸ್ಟಾರ್ಟಪ್‌ಗಳ ಲೆಕ್ಕ ನೋಡಿಕೊಡುವವಳು. ಮನೆ ವಿಜಯನಗರದಲ್ಲಿ, ಆಫೀಸು ಅಂತ ಸ್ವಂತದ್ದಿಲ್ಲ. ನಾಲ್ಕು ವರ್ಷದಲ್ಲಿ ಜಯನಗರ, ಕೋರಮಂಗಲ, ಇಂದಿರಾನಗರ ಎಂದು ಮೂರು ಕಡೆ ಸೀಟು ಬದಲಿಸಿದ್ದೇನೆ. ಗಮನ ಕೆಟ್ಟಾಗಲೆಲ್ಲ ಮೊದಮೊದಲು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಇಲ್ಲವೇ ಜನ ಜಾಸ್ತಿಯಾಯಿತು ಎಂದು ಗೊಣಗುತ್ತಿದ್ದೆ. ಎರಡೂ ತಪ್ಪು ಎಂದು ತಿಳಿದದ್ದು ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ವಿಜಯನಗರದ ಸುತ್ತ ಕೆಎಎಸ್, ಐಎಎಸ್‌ಗೆ ಓದುವವರ ರೀಡಿಂಗ್ ರೂಮುಗಳು ಬಹಳ. ತಂಗಿಯ ಮಗ ಅಂಥ ಒಂದಕ್ಕೆ ಹೋಗುತ್ತಾನೆ. ಅವನಿಗೆ ಊಟದ ಡಬ್ಬಿ ಕೊಡಲು ಹೋಗಿ ಒಳಗೆ ಇಣುಕಿದೆ. ನನ್ನ ಹಾಲಿಗಿಂತ ಇಕ್ಕಟ್ಟು. ಭುಜಕ್ಕೆ ಭುಜ ತಾಗುವ ಹಾಗೆ ಕೂತಿದ್ದಾರೆ. ಫ್ಯಾನು ಕಿರುಗುಟ್ಟುತ್ತಿದೆ, ಹೊರಗೆ ಆಟೋ ಹಾರ್ನು. ಆದರೂ ಒಬ್ಬರೂ ತಲೆ ಎತ್ತಲಿಲ್ಲ. ಅಲ್ಲಿ ಇಲ್ಲದ್ದು ಒಂದೇ, ಮಾತು. ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಬೇಕು, ಅಷ್ಟೇ ನಿಯಮ.

ಅಂದರೆ ಹಂಚಿಕೊಂಡ ಜಾಗ ಗಮನವನ್ನು ಕೆಡಿಸುವುದು ಜನರಿಂದಲ್ಲ, ಜನರ ಮಾತಿನಿಂದ. ಇದೊಂದು ಹಿಡಿದುಕೊಂಡರೆ ಜಾಗ ಹುಡುಕುವ, ಸೀಟು ಹಿಡಿಯುವ, ಹೊತ್ತು ನೋಡುವ ರೀತಿಯೇ ಬದಲಾಗುತ್ತದೆ. ಎಲ್ಲರೂ ಮೊದಲು ಹೆಡ್‌ಫೋನ್ ಕೊಳ್ಳುತ್ತಾರೆ. ನನ್ನ ಪಟ್ಟಿಯಲ್ಲಿ ಅದು ಐದನೆಯದು.

ಹೆಜ್ಜೆ 1: ಒಂದು ವಾರ ಗೀಟು ಹಾಕಿ

ಒಂದು ಸಣ್ಣ ನೋಟ್‌ಬುಕ್ ಮೇಜಿನ ಮೇಲಿಡಿ. ಮೊಬೈಲ್ ಆ್ಯಪ್ ಬೇಡ, ಅದೇ ಇನ್ನೊಂದು ಅಡ್ಡಿ. ಕೆಲಸ ತಪ್ಪಿದಾಗಲೆಲ್ಲ ಒಂದು ಗೀಟು. ಪಕ್ಕದಲ್ಲಿ ಮೂರೇ ಗುರುತು: ಯಾರಾದರೂ ನಿಮ್ಮನ್ನು ಮಾತಾಡಿಸಿದರೆ "ಕ", ಯಾರದ್ದೋ ಮಾತು ಕಿವಿಗೆ ಬಿದ್ದು ತಪ್ಪಿದರೆ "ಮ", ನೀವಾಗಿಯೇ ವಾಟ್ಸ್‌ಆ್ಯಪ್ ತೆರೆದಿದ್ದರೆ "ನಾ". ಎಷ್ಟು ಗಂಟೆಗೆ ಎಂದೂ ಬರೆಯಿರಿ, ನಾಲ್ಕನೇ ಹೆಜ್ಜೆಗೆ ಅದು ಬೇಕು.

"ನಾ" ಎಷ್ಟಿದೆ ನೋಡಿ ಗಾಬರಿಯಾಗಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಆಫೀಸಿನವರ ಬೆನ್ನಹಿಂದೆಯೇ ಕೂತು ಗಡಿಯಾರ ಹಿಡಿದು ಗಮನಿಸಿದವರು. ಹೊರಗಿನವರಿಂದ ಆಗುವ ಅಡ್ಡಿಯಷ್ಟೇ ಹೆಚ್ಚುಕಡಿಮೆ ತಮ್ಮಿಂದ ತಾವೇ ಮಾಡಿಕೊಳ್ಳುವ ಅಡ್ಡಿಯೂ ಇರುತ್ತದೆ ಎಂಬುದು ಅವರಿಗೆ ಕಂಡದ್ದು. ಒಮ್ಮೆ ಬಿಟ್ಟ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷ ಹಿಡಿಯುತ್ತದೆ ಎಂಬ, ಎಲ್ಲರ ಬಾಯಲ್ಲೂ ಓಡಾಡುವ ಲೆಕ್ಕವೂ ಅವರದ್ದೇ. ಅದನ್ನು ಜನ ತಪ್ಪಾಗಿ ಹೇಳುತ್ತಾರೆ. ಆ 23 ನಿಮಿಷ ಸುಮ್ಮನೆ ಕೂತಿರುತ್ತಾರೆ ಎಂದಲ್ಲ, ನಡುವೆ ಬೇರೆ ಒಂದೆರಡು ಕೆಲಸಕ್ಕೆ ಕೈಹಾಕಿ ಆಮೇಲೆ ಹಳೆಯದಕ್ಕೆ ಬರುತ್ತಾರೆ. 2008ರಲ್ಲಿ ಅವರದ್ದೇ ಇನ್ನೊಂದು ಪ್ರಯೋಗದಲ್ಲಿ, ಅಡ್ಡಿಗೆ ಒಳಗಾದವರು ಕೆಲಸವನ್ನು ಇನ್ನೂ ಬೇಗ ಮುಗಿಸಿದರು, ಆದರೆ ಒತ್ತಡ, ಕಿರಿಕಿರಿ ಹೆಚ್ಚಾಗಿತ್ತು. ಸಂಜೆ ಮನೆಗೆ ಬಂದು ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುವವರು ಇದನ್ನು ಎರಡು ಸಲ ಓದಬಹುದು.

ವಾರ ಮುಗಿದ ಮೇಲೆ ನೋಡಿ. "ನಾ" ಜಾಸ್ತಿಯಿದ್ದರೆ ಜಾಗ ಬದಲಿಸಿ ಪ್ರಯೋಜನವಿಲ್ಲ, ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. "ಕ" ಜಾಸ್ತಿಯಿದ್ದರೆ ಆರನೇ ಹೆಜ್ಜೆ ನಿಮ್ಮದು. ನನ್ನದರಲ್ಲಿ "ಮ" ಅರ್ಧಕ್ಕಿಂತ ಹೆಚ್ಚಿತ್ತು.

ಹೆಜ್ಜೆ 2: ದುಡ್ಡು ಕಟ್ಟುವ ಮೊದಲು ಮಧ್ಯಾಹ್ನ ಮೂರೂವರೆಗೆ ಹೋಗಿ

ವಿವರ್ಕ್, ಇಂಡಿಕ್ಯೂಬ್‌ನಂಥ ದೊಡ್ಡ ಹೆಸರಿನದಿರಲಿ, ಯಾರೋ ಮನೆಯ ಮೊದಲ ಮಹಡಿಗೆ ಮೇಜು ಹಾಕಿಸಿ ಕೊಟ್ಟ ಸಣ್ಣದಿರಲಿ, ತೋರಿಸಲು ಕರೆಯುವುದು ಬೆಳಗ್ಗೆ. ಹನ್ನೊಂದು ಗಂಟೆಗೆ ಒಂದು ಕಾಫಿ ಕೊಟ್ಟು, ಗಿಡ ತೋರಿಸಿ, ಬೀನ್ ಬ್ಯಾಗ್ ತೋರಿಸಿ ಕಳಿಸುತ್ತಾರೆ. ಬದಲಿಗೆ ಒಂದು ದಿನದ ಪಾಸ್ ಕೇಳಿ. ನಿಮ್ಮ ನಿಜವಾದ ಕೆಲಸ, ಅದರಲ್ಲೂ ಕಷ್ಟದ್ದು, ತಗೊಂಡು ಹೋಗಿ ಮಧ್ಯಾಹ್ನ ಮೂರರಿಂದ ಐದರವರೆಗೆ ಕೂರಿ.

ಕೂತು ಏನು ನೋಡಬೇಕು? ಮೊದಲು ಮೇಲೆ ನೋಡಿ. ಈಗಿನ ಫ್ಯಾಷನ್ ಪ್ರಕಾರ ಸೀಲಿಂಗ್ ತೆಗೆದು ಎಸಿ ಕೊಳವೆಗಳನ್ನು ಬರಿದಾಗಿ ಬಿಟ್ಟಿದ್ದಾರೋ? ಕೆಳಗೆ ನುಣುಪು ಟೈಲ್ಸ್, ಪಕ್ಕದಲ್ಲಿ ಗಾಜಿನ ಗೋಡೆಯೋ? ಹಾಗಾದರೆ ಮಾತಿನ ಸದ್ದನ್ನು ಹೀರುವುದು ಅಲ್ಲಿ ಏನೂ ಇಲ್ಲ. ಯಾರೂ ಇಲ್ಲದ ಮೂಲೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಸದ್ದು ಝೇಂಕರಿಸಿ ಉಳಿದರೆ ನಾಲ್ಕನೇ ಸಾಲಿನ ಫೋನೂ ನಿಮಗೆ ಕೇಳಿಸುತ್ತದೆ. ಕಾರ್ಪೆಟ್, ಬಟ್ಟೆ ಹೊದಿಸಿದ ಪಾರ್ಟಿಷನ್, ತೂತುತೂತಿನ ಸೀಲಿಂಗ್ ಹಲಗೆ, ಇವು ನೋಡಲು ಹಳೇ ಕಾಲದ ಸರ್ಕಾರಿ ಕಚೇರಿಯಂತೆ ಕಂಡರೂ ಕಿವಿಗೆ ಹಿತ. ತೆರೆದ ಕಚೇರಿಗಳ ಸದ್ದು ಅಳೆಯುವುದಕ್ಕೇ ಐಎಸ್‌ಒ 3382-3 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಎಷ್ಟು ದೂರ ಹೋದ ಮೇಲೆ ಒಬ್ಬರ ಮಾತು ಅರ್ಥವಾಗದಷ್ಟು ಮಸುಕಾಗುತ್ತದೆ ಎಂಬುದನ್ನು ಅದು ಮೀಟರಿನಲ್ಲಿ ಕೇಳುತ್ತದೆ. ನಮ್ಮಲ್ಲಿ ಉಪಕರಣವಿಲ್ಲ, ಪರವಾಗಿಲ್ಲ. ಫೋನಿನಲ್ಲಿರುವ ಯಾರನ್ನಾದರೂ ಗುರುತಿಸಿ, ಅವರ ಮಾತಿನ ಅರ್ಥ ಹತ್ತದ ಜಾಗದವರೆಗೆ ಹೆಜ್ಜೆ ಎಣಿಸುತ್ತ ನಡೆಯಿರಿ. ಹಾಲಿನ ಇನ್ನೊಂದು ತುದಿ ಮುಟ್ಟಿದರೂ ಅರ್ಥವಾಗುತ್ತಿದ್ದರೆ ಕಾಫಿ ಕುಡಿದು ಹೊರಟುಬಿಡಿ.

ಫೋನ್ ಬೂತ್ (ಒಬ್ಬರು ಬಾಗಿಲು ಹಾಕಿಕೊಂಡು ಮಾತಾಡುವ ಗೂಡು) ಎಷ್ಟಿವೆ ಎಂದು ಕೇಳಬೇಡಿ, ಮೂರೂವರೆಗೆ ಎಷ್ಟು ಖಾಲಿ ಇವೆ ನೋಡಿ. ಬೂತ್ ತುಂಬಿದ್ದರೆ ಉಳಿದ ಕಾಲ್‌ಗಳೆಲ್ಲ ಮೇಜಿನ ಮೇಲೆಯೇ ನಡೆಯುತ್ತವೆ.

ಇನ್ನೊಂದು ವಿಷಯ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಗಾಳಿ. ಬೆಂಗಳೂರಿನ ಹವೆಗೆ ಕಿಟಕಿ ತೆರೆದರೆ ಸಾಕು, ಆದರೂ ಗಾಜು ಮುಚ್ಚಿದ ಡಬ್ಬಿ ಕಟ್ಟಿ ಎಸಿ ಹಾಕುತ್ತೇವೆ. ಗೋಡೆಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420. ಕಿಟಕಿ ಮುಚ್ಚಿ ಜನ ತುಂಬಿದ ಕೋಣೆಯಲ್ಲಿ ಅದು ಸಾವಿರ ದಾಟುವುದು ಸಾಮಾನ್ಯ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 22 ಜನರನ್ನು 600, 1,000, 2,500 ಪಿಪಿಎಂ ಗಾಳಿಯಲ್ಲಿ ಕೂರಿಸಿ ತೀರ್ಮಾನ ತೆಗೆದುಕೊಳ್ಳುವ ಪರೀಕ್ಷೆ ಕೊಟ್ಟರು. ಸಾವಿರದಲ್ಲೇ ಅಂಕ ಇಳಿಯಿತು, 2,500ರಲ್ಲಿ ಕೆಲವು ಭಾಗಗಳಲ್ಲಿ ಕುಸಿದೇಬಿಟ್ಟಿತು. ಮಧ್ಯಾಹ್ನದ ತೂಕಡಿಕೆಗೆ ಅನ್ನ ಸಾರನ್ನೇ ದೂರುವ ಮೊದಲು ಕಿಟಕಿ ತೆರೆಯುತ್ತದೆಯೇ ನೋಡಿ. ತೆರೆದರೆ ರಸ್ತೆ ಸದ್ದು ಬರುತ್ತದಲ್ಲ ಎಂದರೆ, ಬರಲಿ. ಒಂದೇ ಸಮನೆ ಬರುವ ಟ್ರಾಫಿಕ್ ಮೊರೆತ ಮಾತಿಗಿಂತ ಎಷ್ಟೋ ಮೇಲು. ಹಾರ್ನು ಮಾತ್ರ ಹಾಳು, ಸಿಗ್ನಲ್ ಮುಂದಿನ ಕಟ್ಟಡ ಬೇಡ.

ಕರೆಂಟ್ ಹೋದಾಗ ಏನಾಗುತ್ತದೆ, ಜನರೇಟರ್ ಎಲ್ಲಿದೆ ಎಂದು ಸೆಕ್ಯುರಿಟಿ ಅಣ್ಣನನ್ನು ಕೇಳಿ. ಮ್ಯಾನೇಜರ್ ಹೇಳುವುದಕ್ಕಿಂತ ಸರಿಯಾದ ಉತ್ತರ ಸಿಗುತ್ತದೆ.

ಹೆಜ್ಜೆ 3: ಸೀಟು

ಸಾಮಾನ್ಯ ದನಿಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಬಯಲಿನಲ್ಲಾದರೆ ದೂರ ದುಪ್ಪಟ್ಟಾದ ಹಾಗೆ 6 ಡೆಸಿಬೆಲ್ ಇಳಿಯುತ್ತದೆ: ಎರಡು ಮೀಟರಿಗೆ 54, ನಾಲ್ಕಕ್ಕೆ 48. ಗಾಜಿನ ಹಾಲಿನಲ್ಲಿ ಇಷ್ಟು ಇಳಿಯುವುದಿಲ್ಲ. ಆದರೂ ಪಕ್ಕದ ಕುರ್ಚಿಯಿಂದ ಎರಡು ಸಾಲು ಸರಿದರೆ ಸಿಗುವ ಲಾಭ ದೊಡ್ಡದು, ಅದಕ್ಕೆ ದುಡ್ಡೂ ಇಲ್ಲ.

ಪ್ಯಾಂಟ್ರಿ, ಪ್ರಿಂಟರ್, ಮೀಟಿಂಗ್ ರೂಮಿನ ಬಾಗಿಲು, ಈ ಮೂರರಿಂದ ದೂರ. ಮೀಟಿಂಗ್ ಮುಗಿಸಿ ಬಂದವರು ನಿಜವಾದ ಮೀಟಿಂಗ್ ಮಾಡುವುದು ಬಾಗಿಲ ಹೊರಗೆ ನಿಂತು. ಬೆನ್ನಿಗೆ ಗೋಡೆ ಇರಲಿ, ಯಾರೋ ಹಿಂದಿನಿಂದ ಸ್ಕ್ರೀನ್ ನೋಡುತ್ತಿದ್ದಾರೆಂಬ ಇರುಸುಮುರುಸು ತಪ್ಪುತ್ತದೆ.

ಇದಕ್ಕೆ ವಿರುದ್ಧದ ಮಾತೂ ಒಂದಿದೆ, ಮುಚ್ಚಿಡಬಾರದು. ಅಲೆಕ್ಸಾಂಡರ್ ಮಾಸ್, ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಸೂಪರ್‌ಮಾರ್ಕೆಟ್ಟಿನ ಬಿಲ್ ಕೌಂಟರಿನವರ ವೇಗ ಅಳೆದರು. ಚುರುಕಾದ ಒಬ್ಬರು ಪಾಳಿಗೆ ಬಂದರೆ ಉಳಿದವರೂ ಚುರುಕಾಗುತ್ತಿದ್ದರು. ಅದೂ ಆ ಚುರುಕಿನವರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತವರು. ನೋಡುತ್ತಿದ್ದಾರೆ ಎಂಬ ಅಳುಕೇ ಕೆಲಸ ಮಾಡಿಸುತ್ತದೆ ಎಂದಾಯಿತು. ಮನೆಯಲ್ಲಿ ಸೋಫಾ ಬಿಟ್ಟೇಳಲು ಆಗದವರು ಕೋ-ವರ್ಕಿಂಗ್‌ಗೆ ಬಂದ ಕೂಡಲೇ ಲ್ಯಾಪ್‌ಟಾಪ್ ತೆರೆಯುವುದೂ ಬಹುಶಃ ಇದಕ್ಕೇ. ನಾನು ಮಾಡುವುದು ಹೀಗೆ: ಬಿಲ್ ಎಂಟ್ರಿಯಂಥ ಕೈಕೆಲಸಕ್ಕೆ ಹಾಲಿನ ನಡುವೆ, ಜಿಎಸ್‌ಟಿಆರ್-2ಬಿ (ಮಾರಿದವರ ರಿಟರ್ನುಗಳಿಂದ ಸಿಗುವ ಖರೀದಿ ಪಟ್ಟಿ) ತಾಳೆ ನೋಡುವಂಥ ತಲೆಕೆಲಸಕ್ಕೆ ಗೋಡೆ ಪಕ್ಕ. ಹಾಟ್ ಡೆಸ್ಕಿನ, ಅಂದರೆ ಸ್ವಂತ ಸೀಟಿಲ್ಲದೆ ಖಾಲಿ ಇದ್ದಲ್ಲಿ ಕೂರುವುದರ, ಒಂದೇ ಒಂದು ಅನುಕೂಲ ಈ ಅಲೆದಾಟ.

ಹೆಜ್ಜೆ 4: ಗಡಿಯಾರ ನೋಡಿ, ನಮ್ಮದಲ್ಲ, ಲಂಡನ್ನಿನದು

ಗೀಟು ಹಾಕಿದ ನೋಟ್‌ಬುಕ್ ತೆರೆದಾಗ ನನಗೆ ಅತಿ ಹೆಚ್ಚು ಆಶ್ಚರ್ಯವಾದದ್ದು ಇಲ್ಲಿ. ಮಾತಿನ ಗೀಟುಗಳು ದಿನವಿಡೀ ಚದುರಿರಲಿಲ್ಲ, ಗುಂಪುಗುಂಪಾಗಿ ಬಿದ್ದಿದ್ದವು. ಬೆಂಗಳೂರಿನ ಕೋ-ವರ್ಕಿಂಗ್ ಹಾಲಿನ ಗದ್ದಲಕ್ಕೆ ಒಂದು ಟೈಮ್‌ಟೇಬಲ್ ಇದೆ, ಅದನ್ನು ಬರೆಯುವವರು ಬೇರೆ ದೇಶದಲ್ಲಿದ್ದಾರೆ.

ಹತ್ತರಿಂದ ಹನ್ನೊಂದರವರೆಗೆ ಇಲ್ಲಿನ ತಂಡಗಳ ಸ್ಟ್ಯಾಂಡಪ್, ಅಂದರೆ ದಿನದ ಕೆಲಸ ಹೇಳಿಕೊಳ್ಳುವ ಚುಟುಕು ಮೀಟಿಂಗ್. ಆಮೇಲೆ ಊಟದವರೆಗೆ ಒಂದು ಮಟ್ಟಕ್ಕೆ ತಣ್ಣಗೆ. ಲಂಡನ್ನಿನಲ್ಲಿ ಬೆಳಗ್ಗೆ ಒಂಬತ್ತಾದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಅಲ್ಲಿಂದ ಯೂರೋಪಿನ ಕಾಲ್‌ಗಳು. ನ್ಯೂಯಾರ್ಕಿನ ಒಂಬತ್ತು ನಮ್ಮ ಸಂಜೆ 6:30 ಅಥವಾ 7:30. ಆದ್ದರಿಂದ ಮೂರರಿಂದ ಏಳರವರೆಗೆ ಹಾಲಿನಲ್ಲಿ "ಆ್ಯಮ್ ಐ ಆಡಿಬಲ್" ಎಂಬ ಮಂತ್ರಪಠಣ. ಅಕ್ಟೋಬರ್ ಕೊನೆಯ ಭಾನುವಾರ ಲಂಡನ್ ಗಡಿಯಾರ ಹಿಂದೆ ಹೋಗುತ್ತದೆ, ಮಾರ್ಚ್ ಕೊನೆಯಲ್ಲಿ ಮುಂದೆ ಬರುತ್ತದೆ. ನಮ್ಮ ಹಾಲಿನ ಗದ್ದಲವೂ ಆವತ್ತಿನಿಂದ ಒಂದು ಗಂಟೆ ಸರಿಯುತ್ತದೆ. ಎರಡು ಚಳಿಗಾಲ ಗಮನಿಸಿದ್ದೇನೆ, ಪಂಚಾಂಗ ಬರೆಯಬಹುದು.

ಇದರಿಂದ ಹೊರಡುವ ಸೂತ್ರ ಸರಳ. ತಲೆಕೆಲಸವನ್ನು ಎಂಟರಿಂದ ಹತ್ತಕ್ಕೆ, ಮತ್ತೆ ಹನ್ನೊಂದೂವರೆಯಿಂದ ಒಂದಕ್ಕೆ ಇಟ್ಟುಕೊಳ್ಳಿ. ನಿಮ್ಮ ಕಾಲ್‌ಗಳನ್ನು ಎಲ್ಲರೂ ಕೂಗಾಡುವ ಹೊತ್ತಿಗೇ ಇಟ್ಟುಕೊಳ್ಳಿ, ಹೇಗೂ ಆಗ ಬೇರೆ ಏನೂ ಆಗದು. ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ವಿಜಯನಗರದಿಂದ ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತೇನೆ, ಏಳೂಕಾಲಿಗೆ ಹೊರಟರೆ ದಾರಿಯಲ್ಲಿ ಇಡ್ಲಿಗೂ ಹೊತ್ತಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಕಡೆಯವರಿಗೂ ಇದು ಸಾಧ್ಯವಾಗಿದೆ. ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಬಂದವರಿಗೆ ಯಾವ ಸೀಟು ಕೊಟ್ಟರೂ ಮೊದಲ ಒಂದು ಗಂಟೆ ಹೋಯಿತೆಂದೇ ಲೆಕ್ಕ.

ಕ್ಯಾಲಿಫೋರ್ನಿಯಾದವರ ಜತೆ ಕೆಲಸ ಮಾಡುವ ತಂಡ ಪಕ್ಕದಲ್ಲಿದ್ದರೆ ಮಾತ್ರ ಈ ಪಂಚಾಂಗ ಕೆಡುತ್ತದೆ. ಅವರ ರಾತ್ರಿ ಎಂಟು ನಮಗೆ ಬೇಸಿಗೆಯಲ್ಲಿ ಬೆಳಗ್ಗೆ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ.

ಹೆಜ್ಜೆ 5: ಈಗ ಹೆಡ್‌ಫೋನ್

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು ಅದಕ್ಕೆ ತದ್ವಿರುದ್ಧದ ಅಲೆ ಹೊರಡಿಸಿ ಅಳಿಸುತ್ತದೆ. ಎಸಿ, ಫ್ಯಾನ್, ಜನರೇಟರಿನಂಥ ತಗ್ಗು ಶ್ರುತಿಯ, ಒಂದೇ ಸಮನೆ ಬರುವ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾತಿಗೆ ಅಷ್ಟಿಲ್ಲ. ಕೆಲವೊಮ್ಮೆ ಫ್ಯಾನಿನ ಮೊರೆತ ಅಳಿದು ಮಾತು ಇನ್ನೂ ಸ್ಪಷ್ಟವಾದಂತೆ ಅನ್ನಿಸುವುದೂ ಉಂಟು. ಮಾತನ್ನು ಅಳಿಸುವುದಕ್ಕಿಂತ ಮುಳುಗಿಸುವುದು ಸುಲಭ: ಮಳೆಯ ಸದ್ದು, ಜಲಪಾತ, ಸುಮ್ಮನೆ ಹಿಸ್ ಎನ್ನುವ ನಾಯ್ಸ್, ಯಾವುದಾದರೂ ಮೆಲ್ಲಗೆ ಹಾಕಿಕೊಳ್ಳಿ. ಜೋರು ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ನಮ್ಮ ಕೆಲಸದ ವಾರವೇ ಅಷ್ಟಿದೆ.

ಹಾಡು? ಸಾಹಿತ್ಯವಿರುವ ಹಾಡು ಹಾಕಿಕೊಂಡು ಓದುವುದು, ಬರೆಯುವುದು ಎಂದರೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡ ಹಾಗೆ. ವೀಣೆ, ಕೊಳಲು ಆಗಬಹುದು ಎನ್ನುತ್ತಾರೆ. ನನಗೆ ಅದೂ ಆಗದು, ಇದು ಕಾಂಭೋಜಿಯೋ ಹರಿಕಾಂಭೋಜಿಯೋ ಎಂದು ಮನಸ್ಸು ಅಲ್ಲೇ ಕೂರುತ್ತದೆ.

ಮಾತು ಇಷ್ಟೇಕೆ ಕಾಡುತ್ತದೆ ಎಂಬುದಕ್ಕೆ ಎರಡು ಸಂಗತಿ. ಒಂದು, 1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಮನಶ್ಶಾಸ್ತ್ರಜ್ಞರು ಅಕ್ಷರಗಳ ಸರಣಿ ನೆನಪಿಡುವ ಪರೀಕ್ಷೆ ನಡೆಸುವಾಗ ಹಿನ್ನೆಲೆಯಲ್ಲಿ ಜರ್ಮನ್ ಓದು ಕೇಳಿಸಿದರು. ಕೇಳಿದವರಿಗೆ ಜರ್ಮನ್ ಬರುತ್ತಿರಲಿಲ್ಲ, ಆದರೂ ನೆನಪು ಕೆಟ್ಟಿತು. ಸಾಲಾಗಿ ಅಂಕಿ ಹೊಡೆಯುವ ನನ್ನಂಥವರಿಗೆ ಪಕ್ಕದವರು ಯಾವ ಭಾಷೆಯಲ್ಲಿ ಮಾತಾಡಿದರೂ ತೊಂದರೆಯೇ. ಇನ್ನೊಂದು, 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದ್ದು: ಇಬ್ಬರ ಪೂರ್ತಿ ಸಂಭಾಷಣೆಗಿಂತ ಫೋನಿನ ಒಂದೇ ಕಡೆಯ ಮಾತು ಗಮನವನ್ನು ಹೆಚ್ಚು ಕೆಡಿಸುತ್ತದೆ. ಆ ಕಡೆಯವರು ಏನಂದರು ಎಂದು ತಲೆ ತನ್ನಷ್ಟಕ್ಕೆ ಊಹಿಸಲು ಹೊರಡುತ್ತದೆ. ಇದಕ್ಕೆ ನನ್ನದೊಂದು ಸೇರ್ಪಡೆ. ಬರವಣಿಗೆಯ ಹೊತ್ತಿನಲ್ಲಿ ಹಿಂದಿ, ತೆಲುಗು, ಮಲಯಾಳಂ ಕಾಲ್‌ಗಳು ಹೇಗೋ ತೇಲಿಹೋಗುತ್ತವೆ. ಮೂಲೆಯಿಂದ ಯಾರೋ ಕನ್ನಡದಲ್ಲಿ "ಸೈಟಿನ ಖಾತಾ ಇನ್ನೂ ಆಗಿಲ್ವಂತೆ ಕಣೋ" ಎಂದರೆ ಮುಗಿಯಿತು. ಯಾರ ಸೈಟು, ಯಾಕೆ ಆಗಿಲ್ಲ ಎಂದು ತಿಳಿಯುವವರೆಗೆ ಕಿವಿ ವಾಪಸ್ ಬರುವುದಿಲ್ಲ.

ಹೆಜ್ಜೆ 6: ಬಾಯಿಬಿಟ್ಟು ಹೇಳಿ

ಇದು ಕಷ್ಟದ್ದು. ಸಂಕೋಚ. ಮುಖ ಸಿಂಡರಿಸಿ ತಿರುಗಿ ನೋಡುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಫೋನಿನಲ್ಲಿರುವಾಗ ಅಡ್ಡ ಹೋಗಬೇಡಿ, ಮುಗಿದ ಮೇಲೆ ಹೋಗಿ. "ಜೋರಾಗಿ ಮಾತಾಡ್ತೀರಿ" ಎಂದರೆ ಜಗಳ. "ಸಾರ್, ನಾನು ನಂಬರ್ ಹೊಡೀತಿರ್ತೀನಿ, ನಿಮ್ಮ ಮಾತು ಪೂರ್ತಿ ಕೇಳಿಸುತ್ತೆ, ಮುಂದಿನ ಸಲ ಆ ಬೂತಲ್ಲಿ ಮಾತಾಡ್ತೀರಾ?" ಎಂದರೆ ಹತ್ತರಲ್ಲಿ ಎಂಟು ಜನ ಎದ್ದು ಹೋಗುತ್ತಾರೆ. ಅಕೌಂಟ್ ನಂಬರಿನವರಿಗೆ ನಾನು ಹೇಳಿದ್ದು ಬೇರೆ ಥರ: "ಸಾರ್, ನಿಮ್ಮ ಅಕೌಂಟ್ ನಂಬರ್ ನನಗೂ ಬಾಯಿಪಾಠ ಆಗಿದೆ." ಮರುದಿನದಿಂದ ಅವರು ಮೆಟ್ಟಿಲ ಹತ್ತಿರ. ಇಷ್ಟಕ್ಕೂ ಆಗದಿದ್ದರೆ ಹಾಲು ನೋಡಿಕೊಳ್ಳುವ ಕಮ್ಯುನಿಟಿ ಮ್ಯಾನೇಜರಿಗೆ ಮೇಲ್ ಹಾಕಿ, ಹೆಸರು ಹೇಳಬೇಡಿ, ಮೂಲೆಯ ಒಂದು ಸಾಲನ್ನು ಫೋನಿಲ್ಲದ ಸಾಲು ಮಾಡಿ ಎಂದು ಕೇಳಿ. ನಾಲ್ಕು ಜನ ಒಟ್ಟಿಗೆ ಕೇಳಿದರೆ ಮಾಡುತ್ತಾರೆ. ನಮ್ಮಲ್ಲಿ ಮಾಡಿದರು.

ನೀವೇ ಐದಾರು ಜನರ ತಂಡ ಕಟ್ಟಿಕೊಂಡು ಬಂದಿದ್ದರೆ, ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರೆ ಚರ್ಚೆ ಹೆಚ್ಚುತ್ತದೆ ಎಂಬ ನಂಬಿಕೆ ಬಿಡಿ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ಕೆಡವಿ ತೆರೆದ ಕಚೇರಿಗೆ ಬಂದ ಎರಡು ದೊಡ್ಡ ಕಂಪನಿಗಳ ನೌಕರರಿಗೆ ಸೆನ್ಸರ್ ತೊಡಿಸಿ ನೋಡಿದರು. ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಇಳಿದು ಇಮೇಲ್ ಹೆಚ್ಚಾಗಿತ್ತು. ಎಲ್ಲರಿಗೂ ಕೇಳಿಸುವಲ್ಲಿ ಯಾರೂ ಮಾತಾಡುವುದಿಲ್ಲ. ತಂಡದವರಿಗೆ ಹತ್ತರಿಂದ ಹನ್ನೊಂದು ಮಾತಿನ ಹೊತ್ತು, ಆಮೇಲೆ ಒಂದರವರೆಗೆ ಏನಿದ್ದರೂ ಬರೆದು ಕಳಿಸಿ ಎಂದು ಒಪ್ಪಂದ ಮಾಡಿಕೊಳ್ಳಿ. ನೀವೇ ಅದನ್ನು ಮೊದಲು ಮುರಿಯುತ್ತೀರಿ, ಹುಷಾರು.

ಹೆಜ್ಜೆ 7: ಮೂರು ತಿಂಗಳಾದರೂ ಗೀಟು ಇಳಿಯದಿದ್ದರೆ ಬಿಡಿ

ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಇದೆ. ತಿಂಗಳಿಗೆ 8,000 ಎಂದರೆ ಕೈಯಿಂದ ಹೋಗುವುದು 9,440. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಆ 1,440ನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಎಂದು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಇಲ್ಲದವರಿಗೆ ಅದು ಖರ್ಚು. ಓದುವ, ಬರೆಯುವ ಕೆಲಸವೇ ಹೆಚ್ಚು, ಕಾಲ್ ಕಡಿಮೆ ಎಂಬುವವರು ವಾರಕ್ಕೆ ಎರಡು ದಿನ ಪಾಸ್ ತೆಗೆದುಕೊಂಡು ಉಳಿದ ದಿನ ಬಡಾವಣೆಯ ರೀಡಿಂಗ್ ರೂಮಿನಲ್ಲಿ ಕೂರಬಹುದು, ಲ್ಯಾಪ್‌ಟಾಪಿಗೆ ಪ್ಲಗ್ ಇದೆಯೇ ಕೇಳಿಕೊಳ್ಳಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ, ಬಸವನಗುಡಿಯಲ್ಲಿ 1945ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯ, ಕಾಗದದ ಮೇಲಿನ ಕೆಲಸಕ್ಕೆ ಎರಡೂ ಒಳ್ಳೆಯವು.

ಬಿಡುವಾಗ ನೋಟಿಸನ್ನು ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ, ಒಪ್ಪಂದದಲ್ಲಿ ಎಷ್ಟು ದಿನ ಎಂದಿದೆಯೋ ಅಷ್ಟು ಮುಂಚೆ. ಮೇಜು, ಕುರ್ಚಿ, ಡ್ರಾಯರ್ ಕೀಲಿಯ ಫೋಟೊ ತೆಗೆದು ಅದೇ ಮೇಲಿಗೆ ಲಗತ್ತಿಸಿದರೆ ಡೆಪಾಸಿಟ್ ಬೇಗ ಬರುತ್ತದೆ. ಆ ವಿಳಾಸವನ್ನೇ ಜಿಎಸ್‌ಟಿ ನೋಂದಣಿಗೆ ಕೊಟ್ಟಿದ್ದವರು ಬದಲಾವಣೆಯಾದ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದುಪಡಿ ಹಾಕಬೇಕು. ಅದನ್ನು ಬೆಳಗ್ಗೆ ಎಂಟಕ್ಕೇ ಕೂತು ಮಾಡಿ, 20ನೇ ತಾರೀಕು ಮಾತ್ರ ಬೇಡ.